ಮುಚ್ಚಳಿಕೆ ಬರೆಸಿಕೊಂಡರು, ಮಾಹಿತಿ ಹಾಳೆ ಕೊಡಲಿಲ್ಲ

ಮಾನ್ಯ ಸಂಪಾದಕರೇ,

ಮಗನನ್ನು ಕಾಲೇಜಿಗೆ ಸೇರಿಸಿದ ದಿನ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ಅವನೂ ನಾನೂ ಸಹಿ ಹಾಕಿದೆವು. ಅದು ಇಂಗ್ಲಿಷಿನಲ್ಲಿತ್ತು. ಹಿಂದೆ ಸರತಿ ಸಾಲು ಬೆಳೆದಿತ್ತು. ಗುಮಾಸ್ತರು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಮಾಡಿದೆ. ನನ್ನ ಮಗ ಯಾರಿಗೂ ತೊಂದರೆ ಕೊಡುವುದಿಲ್ಲ, ಕೊಟ್ಟರೆ ಶಿಕ್ಷೆಗೆ ಬದ್ಧ ಎಂಬುದು ಅದರ ಸಾರಾಂಶವೆಂದು ಆಮೇಲೆ ತಿಳಿಯಿತು. ಅವನಿಗೇ ಯಾರಾದರೂ ತೊಂದರೆ ಕೊಟ್ಟರೆ ಎಲ್ಲಿಗೆ ಹೋಗಬೇಕೆಂದು ಒಂದು ಚೀಟಿಯನ್ನೂ ಯಾರೂ ನಮ್ಮ ಕೈಗಿಡಲಿಲ್ಲ.

ದೀಪಾವಳಿಗೆ ಬಂದವನ ಬಟ್ಟೆ ಒಗೆಯಲೆಂದು ಚೀಲ ಬಿಚ್ಚಿದಾಗ ನಾಲ್ಕು ಲ್ಯಾಬ್ ರೆಕಾರ್ಡ್ ಸಿಕ್ಕವು. ಒಂದರ ಮೇಲೂ ಅವನ ಹೆಸರಿಲ್ಲ, ಒಳಗೆ ಪುಟಪುಟವೂ ಅವನದೇ ಅಕ್ಷರ. ನಡುಬೆರಳಿನ ಬದಿ ಜಡ್ಡುಗಟ್ಟಿತ್ತು. ‘ಸೀನಿಯರ್‌ಗಳದ್ದಮ್ಮ, ಎಲ್ಲರೂ ಬರೆದುಕೊಡುತ್ತಾರೆ’ ಎಂದ. ಬರೆಯದವರನ್ನು ರಾತ್ರಿ ಎರಡರವರೆಗೆ ನಿಲ್ಲಿಸುತ್ತಾರೆ ಎಂದು ಬಾಯಿಬಿಟ್ಟದ್ದು ಹೊರಡುವ ದಿನ, ಬಸ್ ನಿಲ್ದಾಣದಲ್ಲಿ. ವಾರ್ಡನ್ನರಿಗೆ ಹೇಳಿದರೆ ಹೆಸರು ಬಯಲಾಗುತ್ತದೆಂಬ ಭಯ ಅವನಿಗೆ. ಮೂರು ತಿಂಗಳು ದಿನಾ ರಾತ್ರಿ ಫೋನಿನಲ್ಲಿ ‘ಊಟ ಆಯಿತಾ’ ಎಂದು ಕೇಳಿದ್ದೆ, ‘ಆಯಿತು’ ಎಂದಿದ್ದ. ಬೇರೇನನ್ನೂ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ನೆರೆಮನೆಯ ಉಪನ್ಯಾಸಕರೊಬ್ಬರು ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯನ್ನು ಓದಿ ಅರ್ಥ ಹೇಳಿದರು. ಹೊಸದಾಗಿ ಸೇರಿದ ಪ್ರತಿ ವಿದ್ಯಾರ್ಥಿಗೂ ಮುದ್ರಿತ ಕರಪತ್ರ ಕೊಡಬೇಕು, ಅದರಲ್ಲಿ ವಾರ್ಡನ್, ಪ್ರಾಂಶುಪಾಲರು, ರ‍್ಯಾಗಿಂಗ್ ತಡೆ ಸಮಿತಿಯವರು, ಪೊಲೀಸರು ಇವರೆಲ್ಲರ ದೂರವಾಣಿ ಸಂಖ್ಯೆ ಇರಬೇಕು ಎಂದು ಅದರಲ್ಲೇ ಇದೆ. ಅಂದರೆ ಮುಚ್ಚಳಿಕೆಯೂ ಕರಪತ್ರವೂ ಒಂದೇ ನಿಯಮದವು. ನಮ್ಮಿಂದ ಪಡೆಯುವುದನ್ನು ಕಾಲೇಜಿನವರು ತಪ್ಪದೆ ಪಡೆದರು, ನಮಗೆ ಕೊಡಬೇಕಾದದ್ದನ್ನು ಕೊಡಲಿಲ್ಲ. ಇದು ನನಗೆ ಇವತ್ತಿಗೂ ನುಂಗಲಾರದ ನೋವು.

1800-180-5522 ಎಂಬ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಇದೆ ಎಂದು ತಿಳಿದದ್ದೂ ಆಗಲೇ. ಕರೆ ಮಾಡಿದ ಮೇಲೆ ಕಾಲೇಜಿನಲ್ಲಿ ವಿಚಾರಣೆ ನಡೆಯಿತು, ಮಗನ ಕೋಣೆ ಬದಲಾಯಿತು. ಇದೇ ಸಂಖ್ಯೆ ಜುಲೈನಲ್ಲೇ ಅವನ ಜೇಬಿನಲ್ಲಿದ್ದಿದ್ದರೆ!

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಆದರೆ ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸಮಿತಿಯಲ್ಲಿ ಯಾರಿದ್ದಾರೆಂದೇ ಗೊತ್ತಿಲ್ಲದ ಹುಡುಗಿಗೆ ಆ ಗಡುವು ಸುಮ್ಮನೆ ಕಳೆದುಹೋಗುತ್ತದೆ. ಮನಸ್ಸು ಕುಗ್ಗಿದವರು ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರ ಕೋಣೆ ಯಾವ ಮಹಡಿಯಲ್ಲಿದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕಲ್ಲವೇ?

ಮುಂದಿನ ಪ್ರವೇಶಾತಿ ಆರಂಭವಾಗುವ ಮೊದಲು ಉನ್ನತ ಶಿಕ್ಷಣ ಇಲಾಖೆ ಇಷ್ಟನ್ನೂ ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ, ಮುಚ್ಚಳಿಕೆಯ ಜೊತೆಗೇ ಪೋಷಕರಿಗೂ ಒಂದು ಪ್ರತಿ ಸಿಗುವಂತೆ ಮಾಡಲಿ. ಮಕ್ಕಳನ್ನು ಈ ಸಲ ಹಾಸ್ಟೆಲಿಗೆ ಬಿಡುವ ತಂದೆತಾಯಂದಿರು ಸಹಿ ಹಾಕುವ ಮುನ್ನವೇ ಆ ಹಾಳೆಯನ್ನು ಕೇಳಿ ಪಡೆಯಬೇಕೆಂದು ವಿನಂತಿ.

– ವಿದ್ಯಾರ್ಥಿಯೊಬ್ಬನ ತಾಯಿ, ಬ್ಯಾಡಗಿ