ಶನಿವಾರ ನಮ್ಮಲ್ಲಿ ಗೊಂಬೆ ಕೆಲಸ, ಮಕ್ಕಳನ್ನು ಕಳಿಸಿ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 10ಕ್ಕೆ ಕೊಪ್ಪಳದ ನಮ್ಮ ಮನೆ ಅಂಗಳದಲ್ಲಿ ಮಕ್ಕಳ ಕೈಕೆಲಸ ಇದೆ. ಮನೆಯಲ್ಲೇ ಕಲಿಯುವ ನಮ್ಮ ಮಕ್ಕಳ ಜೊತೆ ಶಾಲೆಗೆ ಹೋಗುವವರೂ ಬರಲಿ.

ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಇಷ್ಟು ಹತ್ತಿರ ಇದ್ದರೂ ನಮ್ಮ ಮಕ್ಕಳು ಆ ಗೊಂಬೆಗಳನ್ನು ನೋಡಿರೋದು ಶೋಕೇಸಿನಲ್ಲೇ ಜಾಸ್ತಿ, ಅಲ್ವಾ? ಅಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ತುಂಡುಗಳನ್ನು ಜೋಡಿಸಿ, ಹುಣಸೆ ಬೀಜದ ಅಂಟಿಗೆ ಗೋಣಿನಾರು, ಮರದ ಹೊಟ್ಟು ಬೆರೆಸಿದ ಕಿಟ್ಟವನ್ನು ಮೇಲೆಲ್ಲ ಹಚ್ಚುತ್ತಾರೆ. ಚಿಕ್ಕವರ ಕೈಗೆ ಉಳಿ ಬೇಡ, ಕಿಟ್ಟದಲ್ಲೇ ಆನೆ, ಗಿಳಿ ಮಾಡಿಸೋಣ. ಬೀಜ ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಹಾಕಿ ರುಬ್ಬಿ ಇಡುತ್ತೇನೆ. ಅದನ್ನು ಕಾಯಿಸುವಾಗ ಗಂಜಿಯ ಹಾಗೆ ಗಟ್ಟಿಯಾಗುತ್ತಾ ಬರುತ್ತೆ, ಸೌಟು ಎತ್ತಿದರೆ ಎಳೆ ಎಳೆಯಾಗಿ ಇಳಿಯುತ್ತೆ, ಅದನ್ನು ಮಕ್ಕಳು ಕಣ್ಣಾರೆ ನೋಡಲೇಬೇಕು. ಒಲೆ ಹತ್ತಿರ ಮಾತ್ರ ದೊಡ್ಡವರೇ ಇರುತ್ತೇವೆ.

ತೀರ ಸಣ್ಣವರಿಗೆ ಎರೆಮಣ್ಣು ಇದೆ, ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುತ್ತೇವಲ್ಲ, ಹಾಗೇ ಎತ್ತು ಮಾಡಲಿ. ದಯವಿಟ್ಟು ದೊಡ್ಡವರು ಯಾರೂ ಕೊಂಬು ತಿದ್ದೋಕೆ ಹೋಗಬೇಡಿ, ಸೊಟ್ಟಗಿದ್ದರೂ ಅದು ಅವರದೇ.

ಬಣ್ಣ ಅವತ್ತೇ ಹಚ್ಚೋಕಾಗಲ್ಲ, ನೆರಳಲ್ಲಿ ಪೂರ್ತಿ ಒಣಗಬೇಕು. ಹಳೇ ಬಟ್ಟೆ ಹಾಕಿ ಕಳಿಸಿ. ಹಳೇ ಗೋಣಿಚೀಲ ಇದ್ದರೆ ತನ್ನಿ. ಎಷ್ಟು ಮಕ್ಕಳು ಅಂತ ಗುರುವಾರದೊಳಗೆ ಇಲ್ಲೇ ತಿಳಿಸಿ, ಮಧ್ಯಾಹ್ನಕ್ಕೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿಸಬೇಕು.