ಸೀಟು ಬಿಡುವ ಮೊದಲು: ಮಗಳಿಗೊಂದು ಪತ್ರ

ಶಿವಮೊಗ್ಗ
2-11-2025

ಚಿರಂಜೀವಿ ಮಗಳಿಗೆ ಅಮ್ಮನ ಆಶೀರ್ವಾದಗಳು.

ಬಲಿಪಾಡ್ಯಮಿಯ ರಾತ್ರಿ ಬಸ್ಸು ಹತ್ತುವ ಮುಂಚೆ ನೀನು, ಎಂಬಿಎ ಬಿಟ್ಟು ಬಂದು ಉಳಿದ ದಿನಗಳನ್ನೆಲ್ಲ ಐಐಎಂ ಪ್ರವೇಶದ ಕ್ಯಾಟ್ ಪರೀಕ್ಷೆಗೇ ಮೀಸಲಿಡುತ್ತೇನೆ ಎಂದಾಗ ನಾನು ಏನೂ ಉತ್ತರ ಕೊಡಲಿಲ್ಲ. ಹಿಡಿದದ್ದನ್ನು ಮುಗಿಸು ಎಂದು ಚಿಕ್ಕಪ್ಪ ಗದರಿದಾಗಲೂ ಸುಮ್ಮನಿದ್ದೆ. ಫೋನಿನಲ್ಲಿ ಮಾತು ಎತ್ತಿದರೆ ಇಬ್ಬರಿಗೂ ಗಂಟಲು ಕಟ್ಟುತ್ತದೆ, ಅದಕ್ಕೇ ಇಷ್ಟು ದಿನ ಯೋಚಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ಕಳೆದ ಸಲದ ಕ್ಯಾಟ್‌ನಲ್ಲಿ 88 ಪರ್ಸೆಂಟೈಲ್ ಬಂದಾಗ, ಇನ್ನೊಂದು ವರ್ಷ ಓದಿ ಮತ್ತೆ ಬರೆಯುತ್ತೇನೆ ಎಂದು ನೀನು ಕೇಳಿಕೊಂಡಿದ್ದೆ. ಬಿ.ಕಾಂ. ಮುಗಿಸಿದ ಹುಡುಗಿ ಮನೆಯಲ್ಲಿ ಕುಳಿತರೆ ವರ್ಷ ಹಾಳಾಗುತ್ತದೆ ಎಂಬ ಭಯದಿಂದ, ನಿನ್ನ ಮಾತನ್ನು ಪೂರ್ತಿ ಕೇಳದೆ, ಸಿಕ್ಕ ಸೀಟಿಗೆ ಓಡಿಹೋಗಿ ಹಣ ಕಟ್ಟಿದವಳು ನಾನು. ಹಾಗಾಗಿ ಈಗ ನೀನು ಬಿಡುತ್ತೇನೆ ಎನ್ನುವುದನ್ನು ಹಟವೆಂದು ಕರೆಯುವ ಹಕ್ಕು ನನಗಿಲ್ಲ.

ಬಿಡಬೇಡ ಎಂದು ನಾನು ಹೇಳುತ್ತಿಲ್ಲ, ಈ ತಿಂಗಳು ಬಿಡಬೇಡ ಎನ್ನುತ್ತಿದ್ದೇನೆ. ಕ್ಯಾಟ್ ಇರುವುದು ನವೆಂಬರ್ 30ಕ್ಕೆ, ಇಂದಿನಿಂದ ಸರಿಯಾಗಿ ನಾಲ್ಕು ವಾರ. ಈಗ ಹೊರಬಂದರೆ ಶುಲ್ಕದಲ್ಲಿ ಒಂದು ರೂಪಾಯಿಯೂ ಹಿಂದಕ್ಕೆ ಬರುವುದಿಲ್ಲ, ಏಕೆಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯಂತೆ ಪ್ರವೇಶದ ಕೊನೆಯ ದಿನ ಕಳೆದು 30 ದಿನ ದಾಟಿದ ಮೇಲೆ ಬಿಟ್ಟವರಿಗೆ ಶುಲ್ಕ ವಾಪಸು ಕೊಡಬೇಕಾಗಿಲ್ಲ, ನಿನ್ನ ಕಾಲೇಜಿನ ಲೆಕ್ಕದಲ್ಲಿ ಆ ಗಡುವು ಎಂದೋ ಮುಗಿದಿದೆ. ಹಣ ಹೇಗೂ ಹೋಗಿರುವಾಗ, ಪರೀಕ್ಷೆ ಬರೆದು ಫಲಿತಾಂಶ ನೋಡುವವರೆಗೆ ಸೀಟು ಕೈಯಲ್ಲಿರುವುದರಿಂದ ನಷ್ಟವೇನೂ ಇಲ್ಲ. ಓದಲು ಸಮಯ ಸಾಲದು ಎನ್ನುತ್ತೀಯ, ಅದು ನಿಜ. ಆದರೆ ಎರಡು ಗಂಟೆಯ ಆ ಪರೀಕ್ಷೆಯಲ್ಲಿ ಪ್ರತಿ ವಿಭಾಗಕ್ಕೆ ಸಿಗುವ 40 ನಿಮಿಷದಲ್ಲಿ ಯಾವ ಪ್ರಶ್ನೆಯನ್ನು ಬಿಡಬೇಕು ಎಂದು ತಿಳಿಯುವುದೇ ದೊಡ್ಡ ಅಭ್ಯಾಸವೆಂದು ನೀನೇ ನನಗೆ ಹೇಳಿದ್ದೆ. ಅದಕ್ಕೆ ಬೆಳಗಿನ ಎರಡು ಗಂಟೆ ಮತ್ತು ವಾರಕ್ಕೆ ಎರಡು ಅಣಕು ಪರೀಕ್ಷೆ ಸಾಕಾಗಬಹುದು. ಜನವರಿ 4ಕ್ಕೆ ಇನ್ನೊಂದು ಎಂಬಿಎ ಪ್ರವೇಶ ಪರೀಕ್ಷೆ ಎಕ್ಸ್‌ಎಟಿ ಕೂಡ ಇದೆ. ಇನ್ನೂ ಅರ್ಜಿ ಹಾಕಿಲ್ಲವಾದರೆ ಇಂದೇ ಹಾಕು.

ನಿನಗೆ ಈಗಿನ ಕಾಲೇಜಿನಲ್ಲಿ ಸಾಲದಿರುವುದು ಯಾವುದು ಎಂಬುದನ್ನು ನೀನು ಸ್ಪಷ್ಟ ಮಾಡಿಕೊಳ್ಳಬೇಕು. ಕೆಲವು ತರಗತಿಗಳಲ್ಲಿ ಸ್ಲೈಡುಗಳನ್ನು ಓದಿ ಮುಗಿಸುತ್ತಾರೆ ಎಂದು ಬೇಸರಪಟ್ಟೆ, ಆದರೆ ಫೈನಾನ್ಸ್ ಕಲಿಸುವ ಮೇಡಂ ಬಗ್ಗೆ ಮಾತನಾಡುವಾಗ ನಿನ್ನ ಮುಖವೇ ಬೇರೆಯಾಗಿತ್ತು. ಕನ್ಸಲ್ಟಿಂಗ್ ಅಥವಾ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಕಡೆಗೆ ಹೋಗುವುದೇ ನಿನ್ನ ಗುರಿಯಾದರೆ ಬೇರೆ ಕಡೆ ಪ್ರಯತ್ನಿಸುವುದರಲ್ಲಿ ನಿಜವಾದ ಅರ್ಥವಿದೆ. ಅಂಥ ಕಂಪನಿಗಳು ಮೊದಲು ಕ್ಯಾಂಪಸ್ಸನ್ನು ಆರಿಸಿಕೊಳ್ಳುತ್ತವೆ, ವಿದ್ಯಾರ್ಥಿಯನ್ನು ಆಮೇಲೆ. ಅವು ಕಾಲಿಡದ ಕಾಲೇಜಿನಲ್ಲಿ ಎಷ್ಟು ಚೆನ್ನಾಗಿ ಓದಿದರೂ ಬಾಗಿಲು ತಟ್ಟುವ ಅವಕಾಶ ಕಡಿಮೆ. ಗುರಿ ಅದಲ್ಲವಾದರೆ, ಬರೀ ಹೆಸರಿಗಾಗಿ ಇನ್ನೆರಡು ವರ್ಷ ಕೊಡುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಡಿಗ್ರಿಯಲ್ಲಿದ್ದಾಗ ಯಾವುದೋ ಸ್ಪರ್ಧೆಗೆಂದು ಬನ್ನೇರುಘಟ್ಟ ರಸ್ತೆಯ ಐಐಎಂಗೆ ಹೋಗಿ ಬಂದು, ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ರೂಪಿಸಿದ ಆ ಕಲ್ಲಿನ ಪಡಸಾಲೆಗಳ ಬಗ್ಗೆ ವಾರಗಟ್ಟಲೆ ಹೇಳುತ್ತಿದ್ದೆ. ಆ ಆಸೆ ಚಿಕ್ಕದೆಂದು ನಾನು ಭಾವಿಸಿಲ್ಲ. ಅದರ ಜೊತೆಗೆ ಇನ್ನೊಂದು ಕಾರಣವೂ ಇರಲಿ ಎಂದಷ್ಟೇ ಕೇಳುತ್ತೇನೆ.

ಲೆಕ್ಕವನ್ನೂ ನೋಡು. ಐಐಎಂಗೆ ಹೋದರೆ ಈಗಿನ ಕಾಲೇಜಿನಲ್ಲಿ ಓದಿದ ಸೆಮಿಸ್ಟರುಗಳನ್ನು ಯಾರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ, ಮೊದಲಿನಿಂದ ಆರಂಭಿಸಬೇಕು. ಇಲ್ಲಿ ಮುಗಿಸಿದರೆ 2027ಕ್ಕೆ ಹೊರಬರುತ್ತೀಯ, ಅಲ್ಲಿ 2028ಕ್ಕೆ. ಹಳೆಯ ಐಐಎಂಗಳ ಎರಡು ವರ್ಷದ ಶುಲ್ಕವೇ 25 ಲಕ್ಷದ ಆಸುಪಾಸಿನಲ್ಲಿದೆ. ಈಗಿನ ಎಂಬಿಎಗೆಂದು ಬ್ಯಾಂಕಿನಿಂದ ಈಗಾಗಲೇ ಬಿಡುಗಡೆಯಾದ ನಾಲ್ಕು ಲಕ್ಷದ ಸಾಲಕ್ಕೆ ಶೇಕಡಾ 10ರಂತೆ ವರ್ಷಕ್ಕೆ 40,000 ರೂಪಾಯಿ ಬಡ್ಡಿ ಬೆಳೆಯುತ್ತಿದೆ.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ನಾನು ಈ ಸಾಲದ ವಿಷಯದಲ್ಲಿ ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಗಿದೆ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಎಂಬ ರಿಯಾಯಿತಿ ನಿನಗೆ ಸಿಕ್ಕಿರುವುದು ಈ ಕೋರ್ಸಿನ ಲೆಕ್ಕದಲ್ಲಿ. ಕೋರ್ಸು ನಿಂತರೆ ಆ ಲೆಕ್ಕವೂ ಬದಲಾಗುತ್ತದೆ, ಹೊಸ ಸಾಲ ಕೇಳುವಾಗ ಹಳೆಯ ಸಾಲದ ಪ್ರಶ್ನೆ ಮೊದಲು ಬರುತ್ತದೆ. ನಾನು ಸಾಲ ವಿಭಾಗದಲ್ಲಿದ್ದಾಗ ಒಬ್ಬ ಹುಡುಗ ಕಾಲೇಜು ಬಿಟ್ಟದ್ದನ್ನು ಮನೆಗೂ ತಿಳಿಸಿರಲಿಲ್ಲ, ನಮಗೂ ತಿಳಿಸಿರಲಿಲ್ಲ. ಎರಡನೇ ಕಂತು ಕಳಿಸುವ ಮುನ್ನ ವಿಚಾರಿಸಿದಾಗ ಅವನು ಅಲ್ಲಿಲ್ಲವೆಂದು ಗೊತ್ತಾಯಿತು. ನನ್ನ ಮೇಜಿನ ಎದುರು ಕುಳಿತು ಆ ಸಂಗತಿಯನ್ನು ಮೊದಲ ಸಲ ಕೇಳಿದ ಅವನ ತಂದೆ, ಕೈಯಲ್ಲಿದ್ದ ಪಾಸ್‌ಬುಕ್ಕನ್ನು ಮಡಚುತ್ತಾ ಬಿಡಿಸುತ್ತಾ ಎಷ್ಟೋ ಹೊತ್ತು ಮಾತಾಡಲಿಲ್ಲ. ನೀನು ಹಾಗೆ ಮಾಡದೆ ನನ್ನೆದುರು ನಿಂತು ಹೇಳಿದೆಯಲ್ಲ, ಅದು ನನಗೆ ಎಷ್ಟು ದೊಡ್ಡ ಸಮಾಧಾನವೆಂದು ನಿನಗೆ ತಿಳಿಯಬೇಕು.

ಅದೇ ನೇರತನ ಪ್ರವೇಶದ ಸಂದರ್ಶನದಲ್ಲಿಯೂ ಇರಲಿ. ಈ ವರ್ಷ ಏನು ಮಾಡುತ್ತಿದ್ದೆ ಎಂದು ಕೇಳಿದರೆ ಕಾಲೇಜಿನ ಹೆಸರನ್ನು ಮುಚ್ಚಿಡಬೇಡ, ಅದನ್ನು ದೂಷಿಸಲೂ ಬೇಡ. ಡಿಸೆಂಬರಿನ ಸೆಮಿಸ್ಟರ್ ಪರೀಕ್ಷೆಯನ್ನು ಚೆನ್ನಾಗಿ ಬರೆದಿದ್ದರೆ, ಓದಲಾಗದೆ ಬಿಟ್ಟವಳಲ್ಲ ಎಂಬುದಕ್ಕೆ ಅಂಕಪಟ್ಟಿಯೇ ಸಾಕ್ಷಿ ಹೇಳುತ್ತದೆ. ಒಂದು ವೇಳೆ ಬಿಡುವುದೇ ಆದರೆ, ಮೂಲ ಅಂಕಪಟ್ಟಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಅದೇ ಅಧಿಸೂಚನೆ ಹೇಳುತ್ತದೆ. ಆ ವಿಷಯಕ್ಕೆ ಹೆದರಬೇಡ, ನಾನೇ ಬಂದು ಮಾತಾಡುತ್ತೇನೆ.

ಒಳ್ಳೆಯ ಕಡೆ ಸೀಟು ಸಿಕ್ಕಿದರೆ ಹೊಸ ಸಾಲಕ್ಕೆ ನಿನ್ನ ಜೊತೆ ಸಹಿ ಹಾಕಲು ನಾನು ಬರುತ್ತೇನೆ, ಚಿಕ್ಕಪ್ಪನಿಗೆ ಹೇಳುವ ಕೆಲಸವೂ ನನ್ನದು. ಸಿಗದಿದ್ದರೆ ಇಲ್ಲಿಯೇ ಮುಗಿಸು, ಆಗ ಯಾರೂ ಈ ಮಾತನ್ನು ಎತ್ತಿ ನಿನ್ನನ್ನು ನೋಯಿಸದಂತೆ ನೋಡಿಕೊಳ್ಳುತ್ತೇನೆ. ಅಂತಿಮ ಪಟ್ಟಿಗಳು ಬರುವುದು ಏಪ್ರಿಲ್, ಮೇ ಹೊತ್ತಿಗೆ. ನಿನ್ನ ಎರಡನೇ ವರ್ಷದ ಶುಲ್ಕವನ್ನು ಅದಕ್ಕಿಂತ ಮುಂಚೆಯೇ ಕಟ್ಟಬೇಕೋ ಎಂದು ನಾಳೆ ಕಚೇರಿಯಲ್ಲಿ ವಿಚಾರಿಸಿ ತಿಳಿಸು. ಅದು ಗೊತ್ತಾದ ಮೇಲೆ ನಾನು ಬ್ಯಾಂಕಿಗೆ ಹೋಗುತ್ತೇನೆ.

ಇಂತಿ ನಿನ್ನ
ಅಮ್ಮ