ನೀಲಿ ರಂದಾ

ಕಲಬುರಗಿ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ಫೋನಿನಲ್ಲಿ "ಅವ್ವ, ಈ ಕೆಲಸ ನನ್ನ ಕೈಗೆ ಹತ್ತುತ್ತಿಲ್ಲ" ಅಂದೆಯಲ್ಲ, ಆಮೇಲೆ ನನಗೆ ನಿದ್ದೆಯೇ ಬರಲಿಲ್ಲ. ರಂದಾ ಹೊಡೆದರೆ ಕಟ್ಟಿಗೆ ಕಿತ್ತು ಬರುತ್ತದೆ, ನಡುವೆ ಗಡಗಡ ನಡುಗುತ್ತದೆ, ಬಡಿಗತನದ ಕ್ಲಾಸಿನಲ್ಲಿ ಉಳಿದವರದು ಮಾತ್ರ ನುಣ್ಣಗೆ ಬರುತ್ತದೆ ಅಂದೆ. ನಿನ್ನ ಕೈಯಲ್ಲಿ ತಪ್ಪಿಲ್ಲ ಯವ್ವಾ. ಹೊಸ ರಂದಾದ ಅಲಗು ಡಬ್ಬಿಯಿಂದ ತೆಗೆದ ಹಾಗೇ ಕೆಲಸಕ್ಕೆ ಬರುವುದಿಲ್ಲ. ಸಾಣೆ ಹಿಡಿಯಲೇಬೇಕು. ಇದನ್ನು ನಿನಗೆ ಯಾರೂ ಹೇಳಿಲ್ಲ, ಅಷ್ಟೇ.

ನಿನಗೆ ಹೇಳದೆ ನಾನೊಂದು ಕೆಲಸ ಮಾಡುತ್ತಿದ್ದೆ. ಈಗ ಹೇಳುತ್ತೇನೆ.

ದೀಪಾವಳಿಗೆ ಮುಂಚೆ ತೊಗರಿ ಬೇಳೆ ತರೋಣ ಅಂತ ಗಂಜ್‌ಗೆ ಹೋಗಿದ್ದೆ. ಬರುವಾಗ ಆಟೋ ಸಿಗಲಿಲ್ಲ, ನಡೆದೇ ಹೊರಟೆ. ದಾರಿಯಲ್ಲಿ ಒಂದು ಗುಜರಿ ಅಂಗಡಿ. ಹೊರಗೆ ತಗಡಿನ ಬುಟ್ಟಿಯಲ್ಲಿ ಹಳೆ ಪಾನಾ, ಬಾಗಿಲ ಚಿಲಕ, ಫ್ಯಾನಿನ ರೆಕ್ಕೆ. ಎಲ್ಲದರ ಅಡಿಯಿಂದ ಒಂದು ಕಟ್ಟಿಗೆ ಹಿಡಿ ಇಣುಕುತ್ತಿತ್ತು. ಬಡಿಗರ ಮನೆಯಲ್ಲಿ ಹುಟ್ಟಿದವಳಲ್ವಾ, ಕೈ ತಾನೇ ಹೋಯಿತು. ಎಳೆದು ನೋಡಿದರೆ ರಂದಾ. ಮೈತುಂಬ ಜಂಗು, ಮೇಲೆ ಎಣ್ಣೆ ಮಣ್ಣು ಮೆತ್ತಿಕೊಂಡಿತ್ತು.

ಜಂಗು ನೋಡಿ ನಾನು ಹೆದರಲಿಲ್ಲ. ಮೊದಲು ಬಾಯಿ ನೋಡಿದೆ. ಅಡಿಯಲ್ಲಿ ಅಲಗು ಹೊರಬರುವ ಸೀಳು ಇದೆಯಲ್ಲ, ಅದೇ ಬಾಯಿ. ಇದರ ಮೈ ಬೀಡುಕಬ್ಬಿಣ. ಎತ್ತರದಿಂದ ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಆ ಬಿರುಕು ಬಾಯಿಯ ಮೂಲೆಯಲ್ಲೇ ಶುರುವಾಗುವುದು ಜಾಸ್ತಿ. ಎರಡೂ ಮೂಲೆಗೆ ಉಗುರು ಆಡಿಸಿದೆ, ಎಲ್ಲೂ ಸಿಕ್ಕಲಿಲ್ಲ. ಆಮೇಲೆ ಎಲ್ಲ ಸ್ಕ್ರೂ ಇವೆಯಾ ಅಂತ ಎಣಿಸಿದೆ. ಹಳೆ ರಂದಾದ ಸ್ಕ್ರೂಗಳ ಥ್ರೆಡ್ ಬೇರೆ, ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವುದು ಅದರಲ್ಲಿ ಕೂರುವುದಿಲ್ಲ. ಅಲಗು ಸವೆದು ಮೊಂಡಾಗಿತ್ತು, ಆದರೆ ಉದ್ದ ಇನ್ನೂ ಬಹಳ ಉಳಿದಿತ್ತು. ಅಂಗಡಿಯವನು 600 ಅಂದ. 350ಕ್ಕೆ ಕೊಟ್ಟ.

ಮನೆಗೆ ತಂದು ಹಳೆ ಹಲ್ಲುಜ್ಜುವ ಬ್ರಷ್ಷಿಗೆ ಡೀಸೆಲ್ ಹಚ್ಚಿ ತಿಕ್ಕಿದೆ. ಒಂದೊಂದೇ ಅಕ್ಷರ ಎದ್ದಿತು. ರೆಕಾರ್ಡ್. ನಂ. 04. ಮೇಡ್ ಇನ್ ಇಂಗ್ಲೆಂಡ್. ಮಣ್ಣಿನ ಕೆಳಗೆ ನೀಲಿ ಬಣ್ಣ. ರೆಕಾರ್ಡ್ ಅನ್ನುವುದು ಶೆಫೀಲ್ಡ್ ಊರಿನ ಕಂಪನಿ, 1931ರಿಂದ ರಂದಾ ಮಾಡಿದವರು. ಆದರೆ ಈ ಮಾದರಿ ಅವರದ್ದಲ್ಲ, ಅಮೆರಿಕದ ಲಿಯೊನಾರ್ಡ್ ಬೈಲಿ ಅನ್ನುವವನದು. ಅವನ ಪೇಟೆಂಟುಗಳನ್ನು ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಕೊಂಡುಕೊಂಡಿತು. ಸ್ಟ್ಯಾನ್ಲಿಯವರ ನಂಬರ್ 4ಕ್ಕೆ ರೆಕಾರ್ಡಿನವರು ಮುಂದೆ ಒಂದು ಸೊನ್ನೆ ಇಟ್ಟರು. ನಮ್ಮ ಜಲಂಧರ್‌ನಲ್ಲಿ ತಯಾರಾಗುವ ಕಬ್ಬಿಣದ ರಂದಾಗಳೂ ಇದೇ ನಮೂನೆಯವು. ಹಾಗಾಗಿ ನಾನು ಇಲ್ಲಿ ಬರೆಯುತ್ತಿರುವುದು ನಿನ್ನ ಹೊಸ ರಂದಾಕ್ಕೂ ಆಗುತ್ತದೆ.

ಎಲ್ಲ ಬಿಚ್ಚಿ, ಚಿಕ್ಕ ಕಬ್ಬಿಣದ ಭಾಗಗಳನ್ನು ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿದೆ. ಬೆಳಿಗ್ಗೆ ಜಂಗು ಕಪ್ಪು ರಾಡಿಯಾಗಿ ಬಿಟ್ಟುಕೊಂಡಿತು. ಹುಳಿ ಕಬ್ಬಿಣವನ್ನೂ ತಿನ್ನುತ್ತದೆ, ಜಾಸ್ತಿ ಹೊತ್ತು ಬಿಡಬಾರದು. ತೆಗೆದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿದೆ. ಚಹಾ ಕುಡಿದು ಬರೋಣ ಅಂತ ಬಿಟ್ಟರೆ ಅಷ್ಟರಲ್ಲೇ ಕೆಂಪು ಏರುತ್ತದೆ. ಅಲಗನ್ನು ಒಳಗೆ ಹೊರಗೆ ಮಾಡುವ ಹಿತ್ತಾಳೆ ಚಕ್ರಕ್ಕೆ ಹುಣಸೆಹಣ್ಣು. ದೇವರ ಸಾಮಾನು ಬೆಳಗುವ ದಿನ ಅದನ್ನೂ ಜೊತೆಗಿಟ್ಟು ಬೆಳಗಿದೆ.

ಹಿಡಿ ಅಲುಗಾಡುತ್ತಿತ್ತು. ಎಷ್ಟು ಬಿಗಿ ಮಾಡಿದರೂ ನಿಲ್ಲಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಹೊಳೆಯಿತು, ನಮ್ಮೂರ ಬೇಸಿಗೆಗೆ ಕಟ್ಟಿಗೆ ಒಣಗಿ ಕುಗ್ಗಿದೆ, ಉದ್ದನೆ ಸ್ಕ್ರೂ ಮಾತ್ರ ಮೊದಲಿನಷ್ಟೇ ಇದೆ. ಹಿಡಿಯನ್ನು ಒತ್ತುವ ಮೊದಲೇ ಅದರ ಥ್ರೆಡ್ ಮುಗಿಯುತ್ತಿತ್ತು. ಒಂದು ವಾಷರ್ ಹಾಕಿದೆ, ಕೂತುಬಿಟ್ಟಿತು. ಹಿಡಿಯ ಮೇಲಿನ ಕಲೆ, ಹೆಬ್ಬೆರಳು ಸವೆಸಿದ ಗುಳಿ ಹಾಗೇ ಬಿಟ್ಟಿದ್ದೇನೆ. ಪಾಲಿಶ್ ಪೇಪರ್ ತಾಗಿಸಿಲ್ಲ. ಯಾರೋ ಒಬ್ಬರು ಎಷ್ಟೋ ವರ್ಷ ಹಿಡಿದ ಜಾಗ ಅದು. ನನ್ನ ಹೆಬ್ಬೆರಳೂ ಸರಿಯಾಗಿ ಅಲ್ಲೇ ಹೋಗಿ ಕೂತಿತು.

ಅಡಿಭಾಗ ಮಟ್ಟ ಮಾಡಲು ಟೇಬಲ್ಲಿನ ದಪ್ಪ ಗಾಜು ತಂದೆ. ಮೊದಲು ಮನೆಯ ಶಹಾಬಾದ್ ಕಲ್ಲಿನ ಮೇಲೇ ಉಜ್ಜೋಣ ಅಂದುಕೊಂಡಿದ್ದೆ, ಮಟ್ಟಗೋಲು ಇಟ್ಟು ನೋಡಿದರೆ ನಡುವೆ ಬೆಳಕು ಕಾಣಿಸಿತು. ಗಾಜಿನ ಮೇಲೆ ಎಮೆರಿ ಪೇಪರ್ ಅಂಟಿಸಿ, ರಂದಾದ ಅಡಿಗೆ ಮಾರ್ಕರ್‌ನಿಂದ ಗೆರೆ ಎಳೆದೆ. ಅಲಗನ್ನು ಒಳಕ್ಕೆ ಎಳೆದು ಬಿಗಿಮಾಡಿಯೇ ಉಜ್ಜಬೇಕು. ಕೆಲಸ ಮಾಡುವಾಗ ಮೈ ಎಷ್ಟು ಬಿಗಿದಿರುತ್ತದೋ ಅಷ್ಟೇ ಬಿಗಿ ಆಗಲೂ ಇರಬೇಕು. ಮುಂದಿನ ತುದಿ, ಬಾಯಿಯ ಮುಂದಿನ ಅಂಚು, ಹಿಂದಿನ ತುದಿ, ಈ ಮೂರು ಕಡೆ ಗೆರೆ ಅಳಿಸಿದಾಗ ನಿಲ್ಲಿಸಿದೆ. ನಡುವೆ ಅಲ್ಲಲ್ಲಿ ಕಪ್ಪು ಗುಂಡಿಗಳಿವೆ. ಅವು ಇರಲಿ, ಕಟ್ಟಿಗೆಗೆ ಅವು ತಾಗುವುದೇ ಇಲ್ಲ.

ಇನ್ನು ಅಲಗು. ಇದನ್ನು ಬರೆಯುವ ಮೊದಲು ನಿನಗೊಂದು ಹಳೆಯ ಮಾತು ಹೇಳಬೇಕು.

ಆಳಂದ ಕಡೆ ನಮ್ಮ ಹಳ್ಳಿಯಲ್ಲಿ ನಿನ್ನ ಮುತ್ಯಾ, ನನ್ನ ಅಪ್ಪ, ನೊಗ, ಕೂರಿಗೆ, ಬಾಗಿಲ ಚೌಕಟ್ಟು ಮಾಡುತ್ತಿದ್ದ. ಸುಗ್ಗಿಯಲ್ಲಿ ಆಯ, ಅಂದರೆ ಕೆಲಸಕ್ಕೆ ಕೂಲಿಯಾಗಿ ರೈತರು ಕೊಡುವ ಕಾಳು, ತರುತ್ತಿದ್ದ. ಅವನದು ಕಟ್ಟಿಗೆಯ ರಂದಾ, ಅಲಗಿಗೆ ಬೆಣೆ ಹೊಡೆದು ನಿಲ್ಲಿಸುವಂಥದ್ದು. ನಿನ್ನ ಮಾಮಾನಿಗೆ ಕೆಲಸ ಕಲಿಸಿದ. ನಾನು ಹಲಗೆಯ ಆ ತುದಿ ಹಿಡಿದು ಕೂರುತ್ತಿದ್ದೆ. ನನಗಾಗ ಹನ್ನೆರಡು ವರ್ಷ. ಒಂದು ದಿನ ಅಪ್ಪ ಊರಿಗೆ ಹೋಗಿದ್ದಾಗ, ಬರುವಷ್ಟರಲ್ಲಿ ಹರಿತ ಮಾಡಿಡೋಣ ಅಂತ ಅಲಗು ಬಿಚ್ಚಿಕೊಂಡು ಬಸ್‌ಸ್ಟ್ಯಾಂಡಿನ ಹತ್ತಿರ ಕರೆಂಟಿನ ಸಾಣೆ ಮಷೀನು ಇದ್ದ ಕಡೆ ಹೋದೆ. ಎರಡೇ ನಿಮಿಷ. ಕಿಡಿ ಹಾರಿದ್ದು ನೋಡಿ ಬಹಳ ಖುಷಿಯಾಯಿತು. ಕೈಗೆ ಬಂದಾಗ ಅಂಚಿನ ಉದ್ದಕ್ಕೂ ನವಿಲಿನ ಕತ್ತಿನಂಥ ನೀಲಿ. ಚಂದ ಕಾಣುತ್ತದೆ ಅಂದುಕೊಂಡೇ ಮನೆಗೆ ತಂದೆ.

ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿದ. ಬಯ್ಯಲಿಲ್ಲ. ಉಕ್ಕು ಸುಮಾರು 300 ಡಿಗ್ರಿ ಕಾದರೆ ಹಾಗೆ ನೀಲಿಯಾಗುತ್ತದೆ, ಗಟ್ಟಿತನ ಹೋಗಿಬಿಡುತ್ತದೆ, ಅಂಚು ನಿಲ್ಲುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅವನು ಆವತ್ತು ಹೇಳಿದ್ದು ಇಷ್ಟೇ, "ಸುಟ್ಟೈತಿ ತಂಗಿ, ನೀರು ತಗೊಂಡ್ ಬಾ." ಮೂರು ಸಂಜೆ ಕಲ್ಲಿನ ಮೇಲೆ ಉಜ್ಜಿ ಆ ನೀಲಿಯನ್ನೆಲ್ಲ ಸವೆಸಿದ. ನಾನು ಚೊಂಬಿನಿಂದ ನೀರು ಹನಿಸುತ್ತಾ ಕೂತಿದ್ದೆ. ಅಲಗು ಹೇಗೆ ಹಿಡಿಯಬೇಕು ಅನ್ನುವುದನ್ನು ನಾನು ನೋಡಿ ಕಲಿತದ್ದು ಆ ಮೂರು ಸಂಜೆ.

ಅದಕ್ಕೇ ಈ ಅಲಗನ್ನು ಮಷೀನಿಗೆ ಕೊಡಲಿಲ್ಲ. ಹೊಲಿಗೆ ಮುಗಿಸಿ ದಿನಾ ಸಂಜೆ ಅರ್ಧ ಗಂಟೆ, ಕಲ್ಲಿನ ಮೇಲೆ. ಮೊದಲು ಬೆನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮಗ್ಗುಲು. ಅಂಚಿನ ಹತ್ತಿರ ಒಂದು ಇಂಚಿನಷ್ಟು ಕನ್ನಡಿಯಂತೆ ಆಗಬೇಕು. ಬೆನ್ನು ಮಟ್ಟ ಇಲ್ಲದಿದ್ದರೆ ಮುಂದೆ ಎಷ್ಟು ಸಾಣೆ ಹಿಡಿದರೂ ಸುಮ್ನೆ. ಆಮೇಲೆ ಇಳಿಜಾರು, 25 ಡಿಗ್ರಿ. ಅಳೆಯುವ ಸಾಮಾನು ಇಲ್ಲದಿದ್ದರೆ ಹೀಗೆ ನೋಡು: ಇಳಿಜಾರಿನ ಅಗಲ ಅಲಗಿನ ದಪ್ಪದ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಕೊನೆಗೆ ತುದಿಗೆ ಮಾತ್ರ ಒಂದಿಷ್ಟು ಎತ್ತಿ, 30 ಡಿಗ್ರಿಯಲ್ಲಿ ಏಳೆಂಟು ಸಲ. ಆಗ ಬೆನ್ನಿನ ಕಡೆ ಉಕ್ಕಿನದೇ ಸಣ್ಣ ಎಳೆ ಏಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹೆಬ್ಬೆರಳನ್ನು ಅಂಚಿನಿಂದ ಆಚೆಗೆ ಜಾರಿಸಿದರೆ ತಾಗುತ್ತದೆ. ಉದ್ದಕ್ಕೂ ತಾಗಿತೋ, ಸಾಕು. ಬೆನ್ನು ಮಲಗಿಸಿ ಅದನ್ನು ತೆಗೆದುಬಿಡು.

ಅಲಗಿನ ಮೇಲೆ ಕೂರುವ ಇನ್ನೊಂದು ತಗಡು ಇದೆಯಲ್ಲ, ಅದರ ಅಂಚು ಅಲಗಿಗೆ ಪೂರ್ತಿ ಅಂಟಿರಬೇಕು. ಬೆಳಕಿಗೆ ಹಿಡಿದು ನೋಡು. ಸಂದಿ ಇದ್ದರೆ ಸಿಪ್ಪೆ ಅಲ್ಲೇ ಸಿಕ್ಕಿಕೊಂಡು ಬಾಯಿ ಕಟ್ಟುತ್ತದೆ. ಅಲಗಿನ ತುದಿಯಿಂದ ಅದು ಅರ್ಧ ಮಿಲಿಮೀಟರ್ ಹಿಂದೆ ಇರಲಿ. ಕಟ್ಟಿಗೆ ಕಿತ್ತು ಬರುತ್ತದೆ ಅಂದೆಯಲ್ಲ, ನಿನ್ನದರಲ್ಲಿ ಅದು ಬಹಳ ಹಿಂದೆ ಇದ್ದೀತು. ಕಟ್ಟಿಗೆಯ ಎಳೆಯ ದಿಕ್ಕನ್ನೂ ನೋಡು. ಮಖಮಲ್ಲಿನ ಮೇಲೆ ಕೈ ಆಡಿಸಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ಎದುರು ನಿಲ್ಲುತ್ತದೆ. ನನ್ನ ಹೊಲಿಗೆಯಲ್ಲಿ ಹೇಗೋ ಕಟ್ಟಿಗೆಯಲ್ಲೂ ಹಾಗೇ. ಎದುರು ನಿಂತರೆ ಹಲಗೆ ತಿರುಗಿಸಿಬಿಡು.

ಹಿಂದಿನ ಹಿತ್ತಾಳೆ ಚಕ್ರ ಉಲ್ಟಾ ಥ್ರೆಡ್ಡಿನದು. ಬಲಕ್ಕೆ ತಿರುಗಿಸಿದರೆ ಅಲಗು ಹೊರಗೆ ಬರುತ್ತದೆ. ಶುರುವಿನಲ್ಲಿ ಚಕ್ರ ಸುಮ್ನೆ ಸ್ವಲ್ಪ ತಿರುಗುತ್ತದೆ, ಅದು ಕೆಟ್ಟಿದೆ ಅಂದುಕೊಳ್ಳಬೇಡ.

ಹೋದ ಭಾನುವಾರ ಹಳ್ಳಿ ಮನೆಯ ಬಾಗಿಲಿನಿಂದ ಉಳಿದ ಸಾಗವಾನಿ ತುಂಡು ತೆಗೆದೆ. ಅಟ್ಟದ ಮೇಲೆ ಇತ್ತು, ನೋಡಿದ್ದೀಯ. ಮೊದಲ ಎರಡು ಸಲ ಧೂಳು ಬಂತು. ಚಕ್ರ ಕೂದಲೆಳೆಯಷ್ಟು ತಿರುಗಿಸಿದೆ. ಮೂರನೇ ಸಲ ಸರ್ ಅಂತ ಒಂದೇ ಸದ್ದು, ಬಾಯಿಯಿಂದ ಸಿಪ್ಪೆ ಎದ್ದು ನನ್ನ ಮುಂಗೈ ಮೇಲೆ ಸುತ್ತಿಕೊಂಡಿತು. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು. ಅದರ ಹಿಂದೆ ಬೆರಳು ಇಟ್ಟರೆ ಬೆರಳು ಕಾಣುತ್ತಿತ್ತು. ಸಾಗವಾನಿಯ ಆ ಎಣ್ಣೆ ವಾಸನೆ ಇಡೀ ಕೋಣೆ ತುಂಬಿತು. ನಿನ್ನ ಮುತ್ಯಾನ ಅಂಗಿಯ ವಾಸನೆ ಅದು. ನಾನು ನಿಂತ ಕಡೆ ಕೂತುಬಿಟ್ಟೆ. ಐವತ್ತೆರಡನೇ ವಯಸ್ಸಿಗೆ, ಹಲಗೆಯ ಈ ತುದಿಯಲ್ಲಿ ನಿಂತಿದ್ದು ಅದೇ ಮೊದಲು.

ನಾಳೆ ಬಸ್ಸಿನ ಪಾರ್ಸೆಲ್ಲಿಗೆ ಹಾಕುತ್ತೇನೆ. ರಂದಾವನ್ನು ಹಳೆ ಸೀರೆಯಲ್ಲಿ ಸುತ್ತಿ, ಸುತ್ತಲೂ ತೊಗರಿ ಬೇಳೆಯ ಪುಟ್ಟ ಚೀಲಗಳನ್ನು ಒತ್ತಿಟ್ಟಿದ್ದೇನೆ, ದಾರಿಯಲ್ಲಿ ಎತ್ತಿ ಒಗೆದರೂ ಏನೂ ಆಗಬಾರದು ಅಂತ. ಬೇಳೆ ನಾಲ್ಕು ಕಿಲೋ ಇದೆ, ಪಕ್ಕದ ರೂಮಿನವಳಿಗೂ ಕೊಡು. ಡಬ್ಬಿಯೊಳಗೆ ಕೈ ಹಾಕಿ ಹುಡುಕಬೇಡ. ಅಲಗನ್ನು ಬೇರೆ ಇಟ್ಟಿದ್ದೇನೆ, ನಿನ್ನ ಹಳೆ ಲಂಗದ ತುಂಡಿನಲ್ಲಿ ನಾಲ್ಕು ಪದರ ಮಾಡಿ ಹೊಲಿದಿದ್ದೇನೆ. ಕತ್ತರಿ ಹಾಕಬೇಡ, ಒಂದು ಕಡೆ ದಾರದ ತುದಿ ಉದ್ದ ಬಿಟ್ಟಿದ್ದೇನೆ, ಎಳೆದರೆ ಬಿಚ್ಚುತ್ತದೆ. ಬಟ್ಟೆ ಬಿಸಾಡಬೇಡ. ಕೆಲಸ ಮುಗಿದ ಮೇಲೆ ದಿನಾ ರಂದಾಕ್ಕೆ ಎಣ್ಣೆ ಒರೆಸಲು ಅದೇ ಆಗುತ್ತದೆ.

ನಿನ್ನ ಅವ್ವ